ರಿಪೋರ್ಟಿನಲ್ಲಿ 'ಬ್ರೈನ್' ಎಂದಿದೆ, ಆದರೆ ಕೂಗುತ್ತಿರುವುದು ಹೃದಯ

ಪ್ರಶ್ನೆ: ಡಾಕ್ಟ್ರೇ, ನಮ್ಮದು ತಿಪಟೂರು ಹತ್ತಿರದ ಹಳ್ಳಿ, ತೆಂಗಿನ ತೋಟ ಇದೆ. ಅಪ್ಪನಿಗೆ 68 ವರ್ಷ, ತೂಕ 84 ಕೆಜಿ. ಶುಗರ್ ಬಂದು 14 ವರ್ಷ, ಬಿ.ಪಿ.ಯೂ ಇದೆ. ಮೂರು ತಿಂಗಳಿಂದ ತೋಟಕ್ಕೆ ಒಂದು ಸುತ್ತು ಹೋಗಿಬಂದರೆ ಏದುಸಿರು. ಸಂಜೆ ಹೊತ್ತಿಗೆ ಕಾಲು ಊದುತ್ತದೆ. ರಾತ್ರಿ ಎರಡು ದಿಂಬು ಬೇಕು. ಹೃದಯದ ಎಕೋ ಸ್ಕ್ಯಾನಿನಲ್ಲಿ 'ಪಂಪಿಂಗ್ 55%, ನಾರ್ಮಲ್' ಎಂದರು. ಇಸಿಜಿಯೂ ಪರವಾಗಿಲ್ಲವಂತೆ. ಆದರೆ ರಕ್ತದಲ್ಲಿ ಎನ್‌ಟಿ-ಪ್ರೊಬಿಎನ್‌ಪಿ 1,460 ಬಂದಿದೆ. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 1.6. ರಿಪೋರ್ಟಿನಲ್ಲಿ 'ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್' ಎಂದಿರುವುದರಿಂದ, ಮೆದುಳಿನ ಹಾರ್ಮೋನು ಏರಿದೆ, ನರರೋಗ ತಜ್ಞರಿಗೆ ತೋರಿಸಿ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ಬೆಂಗಳೂರಲ್ಲಿರುವ ಅಕ್ಕನ ಮಗ ಜಿಮ್‌ಗೆ ಹೋಗುತ್ತಾನೆ. 'ಮೆದುಳಿನ ಹಾರ್ಮೋನು ಎಬ್ಬಿಸುವ ಪೆಪ್ಟೈಡ್ ಇಂಜೆಕ್ಷನ್ ಆನ್‌ಲೈನಲ್ಲಿ ಸಿಗುತ್ತೆ, ಕೊಬ್ಬು ಕರಗುತ್ತೆ, ತಾತನಿಗೆ ತರಿಸೋಣ' ಅನ್ನುತ್ತಾನೆ. ನಮ್ಮ ಅತ್ತಿಗೆಗೂ ಮೆಟ್ಟಿಲು ಹತ್ತಿದರೆ ಏದುಸಿರು. ಅವರ ತೂಕ 102 ಕೆಜಿ. ಅವರಿಗೆ ಇದೇ ಟೆಸ್ಟು 110 ಬಂದು 'ನಾರ್ಮಲ್' ಎಂದರು. ಅಪ್ಪ ತೆಗೆದುಕೊಳ್ಳುವ ಮಾತ್ರೆಗಳು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್ ಮೂರೂ ಸೇರಿದ ಶುಗರ್ ಮಾತ್ರೆ, ಬಿ.ಪಿ.ಗೆ ಆಮ್ಲೋಡಿಪಿನ್, ಮಂಡಿನೋವಿಗೆ ಡೈಕ್ಲೋಫೆನಾಕ್. ಏನು ಮಾಡಬೇಕು?

ಉತ್ತರ: ಮೊದಲಿಗೆ ನೆಂಟರ ಸಲಹೆಯನ್ನು ಬದಿಗಿಡಿ. ಈ ರಿಪೋರ್ಟು ಹಿಡಿದು ನರರೋಗ ತಜ್ಞರ ಹತ್ತಿರ ಹೋಗುವ ಅಗತ್ಯವಿಲ್ಲ. ಹಾಗೆಂದು ನಿಮ್ಮ ನೆಂಟರನ್ನು ನೋಡಿ ನಗುವಂತೆಯೂ ಇಲ್ಲ. ನನ್ನ ಒಪಿಡಿಗೆ ಒಮ್ಮೆ ಒಬ್ಬ ಅಜ್ಜಿ ಬಂದಿದ್ದರು. ಕಾಲು ಕುಂಬಳಕಾಯಿ ಹಾಗೆ ಊದಿತ್ತು, ಕೈಯಲ್ಲಿ ತಲೆಯ ಎಂಆರ್‌ಐ ಇತ್ತು. ಈ ಹೆಸರು ಓದಿ ಗಾಬರಿಯಾದ ಮಗ, ಮೊದಲು ತಲೆಯ ಸ್ಕ್ಯಾನ್ ಮಾಡಿಸಿಬಿಟ್ಟಿದ್ದ. ತಪ್ಪು ಅವನದಲ್ಲ, ಹೆಸರಿನದು.

ಆ ಹೆಸರಿಗೂ ಒಂದು ಕತೆ ಇದೆ. 1981ರಲ್ಲಿ ಕೆನಡಾದ ಕಿಂಗ್‌ಸ್ಟನ್ ಊರಿನಲ್ಲಿ ಅಡಾಲ್ಫೋ ಡಿ ಬೋಲ್ಡ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಇಲಿಯ ಹೃದಯದ ಮೇಲಿನ ಕೋಣೆಗಳನ್ನು ಅರೆದು, ಆ ರಸವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಇಲಿಗಳ ಮೂತ್ರ ಹತ್ತು ಪಟ್ಟಾಯಿತು, ಮೂತ್ರದಲ್ಲಿ ಹೋಗುವ ಸೋಡಿಯಂ ಮೂವತ್ತು ಪಟ್ಟು ದಾಟಿತು. ಹೃದಯ ಅಂದರೆ ಬರೀ ಪಂಪು ಅಂದುಕೊಂಡಿದ್ದವರಿಗೆ ಅದು ಹಾರ್ಮೋನನ್ನೂ ಸುರಿಸುತ್ತದೆ ಎಂದು ಗೊತ್ತಾಗಿದ್ದು ಹೀಗೆ. ಏಳು ವರ್ಷ ಬಿಟ್ಟು, 1988ರಲ್ಲಿ, ಜಪಾನಿನ ಮಿಯಾಜಾಕಿಯಲ್ಲಿ ಮಾತ್ಸುವೊ, ಕಾಂಗಾವಾ ಅವರ ತಂಡಕ್ಕೆ ಅದೇ ಜಾತಿಯ ಇನ್ನೊಂದು ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ಸರ, ಸಿಕ್ಕಿತು. ಅವರು ಹುಡುಕುತ್ತಿದ್ದದ್ದು ಹಂದಿಯ ಮೆದುಳಿನಲ್ಲಿ. ಹಾಗಾಗಿ 'ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್', ಚಿಕ್ಕದಾಗಿ ಬಿಎನ್‌ಪಿ, ಎಂದು ಹೆಸರಿಟ್ಟರು. ಸ್ವಲ್ಪ ದಿನಕ್ಕೇ ಇದರ ನಿಜವಾದ ಕಾರ್ಖಾನೆ ಹೃದಯದ ಕೆಳಗಿನ ಕೋಣೆಗಳು ಎಂದು ಗೊತ್ತಾಯಿತು. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು. ಈಗ ಎಷ್ಟೋ ಕಡೆ 'ಬಿ-ಟೈಪ್' ಎಂದು ಬರೆದು ಮುಜುಗರ ಮುಚ್ಚಿಕೊಳ್ಳುತ್ತಾರೆ. ನಿಮ್ಮ ಲ್ಯಾಬಿನವರು ಹಳೆಯ ಹೆಸರನ್ನೇ ಅಚ್ಚು ಹಾಕಿದ್ದಾರೆ, ಅಷ್ಟೆ.

ಇದು ಕೆಟ್ಟ ವಸ್ತುವೂ ಅಲ್ಲ. ಹೃದಯದ ಗೋಡೆ ಒತ್ತಡಕ್ಕೆ ಹಿಗ್ಗಿದಾಗ ಆ ಸ್ನಾಯುಗಳು 108 ಅಮೈನೋ ಆಮ್ಲಗಳ ಒಂದು ಸರ ಕಟ್ಟುತ್ತವೆ. ಅದು ಎರಡು ತುಂಡಾಗುತ್ತದೆ. 32 ಮಣಿಗಳ ತುಂಡೇ ಬಿಎನ್‌ಪಿ, ಕೆಲಸ ಮಾಡುವುದು ಅದು. ಉಳಿದ 76 ಮಣಿಗಳ ತುಂಡು ಎನ್‌ಟಿ-ಪ್ರೊಬಿಎನ್‌ಪಿ. ಅದಕ್ಕೆ ಕೆಲಸವಿಲ್ಲ, ರಕ್ತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಸುತ್ತಾಡಿಕೊಂಡಿರುತ್ತದೆ. ಅದಕ್ಕೇ ಲ್ಯಾಬಿನವರಿಗೆ ಅಳೆಯಲು ಸುಲಭ. ಅಳತೆಯೂ ಎಂಥ ಸಣ್ಣದು ನೋಡಿ: ಒಂದು ಪಿಕೋಗ್ರಾಂ ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು. ನಿಮ್ಮ ತಂದೆಯವರ ಒಂದು ಮಿಲಿಲೀಟರ್ ರಕ್ತದಲ್ಲಿ ಅಂಥ 1,460 ಇವೆ.

ಬಿಎನ್‌ಪಿ ಮೂತ್ರಪಿಂಡಕ್ಕೆ 'ಉಪ್ಪು, ನೀರು ಹೊರಗೆ ಹಾಕು' ಅನ್ನುತ್ತದೆ. ರಕ್ತನಾಳಗಳನ್ನು ಸಡಿಲಿಸುತ್ತದೆ. ಬಿ.ಪಿ. ಏರಿಸುವ ಹಾರ್ಮೋನುಗಳನ್ನು ಗದರಿಸಿ ಕೂರಿಸುತ್ತದೆ. ಕೊಬ್ಬಿನ ಕಣಗಳಿಗೂ ಹೋಗಿ ಕೂಡಿಟ್ಟ ಕೊಬ್ಬನ್ನು ಬಿಡಿಸುತ್ತದೆ. ಅಂದರೆ ನಿಮ್ಮ ತಂದೆಯವರ ಹೃದಯ ಭಾರ ತಡೆಯಲಾರದೆ ತನಗೆ ತಾನೇ ಮದ್ದು ಅರೆದುಕೊಳ್ಳುತ್ತಿದೆ. ಸಂಖ್ಯೆ ಏರಿರುವುದು ಅದರ ಗುರುತು. ಹಾಗಾಗಿ ಸಂಖ್ಯೆಯನ್ನು ಹೇಗೆ ಇಳಿಸುವುದು ಎಂದು ಯೋಚಿಸುವ ಬದಲು, ಆ ಭಾರ ಎಲ್ಲಿಂದ ಬಂತು ಎಂದು ಹುಡುಕಬೇಕು.

ಸರಿ, 1,460 ಜಾಸ್ತಿಯೇ? ತುರ್ತಿಲ್ಲದೆ ಒಪಿಡಿಗೆ ನಡೆದುಕೊಂಡು ಬಂದವರಲ್ಲಿ 125ಕ್ಕಿಂತ ಕಮ್ಮಿ ಇದ್ದರೆ ಹೃದಯ ವೈಫಲ್ಯ (ಹೃದಯ ನಿಂತುಹೋಗುವುದಲ್ಲ, ತನ್ನ ಕೆಲಸ ಸಲೀಸಾಗಿ ಮಾಡಲಾರದೆ ಸೋಲುವುದು) ಇರುವ ಸಾಧ್ಯತೆ ಸಾಮಾನ್ಯವಾಗಿ ಕಮ್ಮಿ. ಉಸಿರಾಡಲಾಗದೆ ಎಮರ್ಜೆನ್ಸಿಗೆ ಬಂದವರಲ್ಲಿ 300ರ ಒಳಗಿದ್ದರೆ ನೆಮ್ಮದಿ. ಹಾಗೆ ಬಂದ 50ರಿಂದ 75 ವಯಸ್ಸಿನವರಲ್ಲಿ 900 ದಾಟಿದರೆ ಹೃದಯವೇ ಕಾರಣ ಎಂಬ ಅನುಮಾನ ಬಲವಾಗುತ್ತದೆ. ಎಪ್ಪತ್ತೈದು ದಾಟಿದವರಿಗೆ ಆ ಗೆರೆ 1,800. ವಯಸ್ಸಾದಂತೆ ಸುಮ್ನೆ ಕೂತರೂ ಸ್ವಲ್ಪ ಏರುತ್ತದೆ. ಮೂತ್ರಪಿಂಡ ನಿಧಾನವಾದರೂ ಏರುತ್ತದೆ. ನಿಮ್ಮ ತಂದೆಯವರ ಕ್ರಿಯಾಟಿನಿನ್ 1.6 ಇರುವುದರಿಂದ ಈ ಸಂಖ್ಯೆಯಲ್ಲಿ ಒಂದು ಪಾಲು ಅದರದೂ ಇರುತ್ತದೆ. ಆದರೆ ಪೂರ್ತಿ ಅದರದೇ ಅಂತ ನಾನು ಒಪ್ಪುವುದಿಲ್ಲ. ಏದುಸಿರು, ಕಾಲಿನ ಊತ, ಎರಡು ದಿಂಬು, ಇವು ಮೂರೂ ಹೃದಯದ ಕಡೆಗೇ ಬೆರಳು ತೋರಿಸುತ್ತಿವೆ. ಆ ದಿಂಬಿನ ಮಾತು ನೀವು ಬರೆದಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಅದನ್ನು ಹೇಳುವುದೇ ಇಲ್ಲ, 'ಅಭ್ಯಾಸ' ಎಂದು ಬಿಟ್ಟುಬಿಡುತ್ತಾರೆ.

ಮತ್ತೆ ಪಂಪಿಂಗ್ 55% ನಾರ್ಮಲ್ ಅಂದರಲ್ಲ ಎಂದು ನೀವು ಕೇಳುವುದು ನ್ಯಾಯ. ಕಮ್ಮಾರನ ತಿದಿ ನೋಡಿದ್ದೀರಲ್ವಾ? ಒತ್ತಿದರೆ ಗಾಳಿ ಹೋಗಬೇಕು, ಬಿಟ್ಟರೆ ಸಲೀಸಾಗಿ ಬಿಚ್ಚಿಕೊಳ್ಳಬೇಕು. ಚರ್ಮ ಒಣಗಿ ಬಿರುಸಾದ ತಿದಿ ಒತ್ತಿದಾಗ ಸರಿಯಾಗೇ ಊದುತ್ತದೆ, ಬಿಚ್ಚಿಕೊಳ್ಳುವಾಗ ಹಠ ಮಾಡುತ್ತದೆ. ಪಂಪಿಂಗ್ ಶೇಕಡಾ ಎಂಬುದು ಒತ್ತುವುದನ್ನು ಮಾತ್ರ ಅಳೆಯುತ್ತದೆ. ವರ್ಷಗಟ್ಟಲೆ ಬಿ.ಪಿ., ಶುಗರ್, ತೂಕ ಸೇರಿ ಹೃದಯದ ಸ್ನಾಯು ಬಿರುಸಾಗುತ್ತದೆ. ಆಗ ರಕ್ತ ಒಳಗೆ ಬರುವಾಗ ಒತ್ತಡ ಏರಿ, ಹಿಂದಕ್ಕೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ತೋಟದಲ್ಲಿ ಒಂದು ಸುತ್ತು ಹಾಕಿದರೆ ಏದುಸಿರು ಬರುವುದು ಅದಕ್ಕೇ. ಪಂಪಿಂಗ್ ಚೆನ್ನಾಗಿದ್ದೂ ಹೃದಯ ಸೋಲುವ ಈ ಬಗೆ ಅಪರೂಪವೇನಲ್ಲ, ಹೃದಯ ವೈಫಲ್ಯದವರಲ್ಲಿ ಸುಮಾರು ಅರ್ಧದಷ್ಟು ಜನ ಇದೇ ಗುಂಪಿನವರು. ಎಕೋ ಮಾಡಿದವರು ಎಡ ಮೇಲ್ಕೋಣೆಯ ಗಾತ್ರ, ಹೃದಯ ಬಿಚ್ಚಿಕೊಳ್ಳುವುದನ್ನು ಹೇಳುವ 'ಡಯಾಸ್ಟಾಲಿಕ್' ಎಂಬ ಸಾಲು ಬರೆದಿರುತ್ತಾರೆ. ರಿಪೋರ್ಟಿನ ಕೊನೆಯ ಸಾಲು ಓದಿ ಮಡಚಿಡಬೇಡಿ, ಆ ಸಾಲನ್ನೂ ನಿಮ್ಮ ವೈದ್ಯರಿಗೆ ತೋರಿಸಿ.

ಈಗ ಮಾತ್ರೆಗಳ ವಿಷಯ. ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತಿದ್ದು ಪೆಪ್ಟೈಡ್ ಮೇಲಲ್ಲ, ಆ ಕೊನೆಯ ಸಾಲಿನ ಮೇಲೆ. ಮೂರು ಮಾತ್ರೆ ಒಂದರಲ್ಲೇ ಸೇರಿದ ಶುಗರ್ ಮಾತ್ರೆ ನಮ್ಮ ಕಡೆ ಬಹಳ ಓಡುತ್ತದೆ, ಅಗ್ಗ, ಶುಗರ್ರೂ ಇಳಿಯುತ್ತದೆ. ಆದರೆ ಅದರೊಳಗಿನ ಪಯೋಗ್ಲಿಟಜೋನ್ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಹೃದಯ ವೈಫಲ್ಯದ ಲಕ್ಷಣ ಇರುವವರಿಗೆ ಅದು ಬೇಡ. ಡೈಕ್ಲೋಫೆನಾಕ್ ಕೂಡ ನೀರು ಹಿಡಿದಿಡುತ್ತದೆ, ಮೇಲಾಗಿ ಮೂತ್ರಪಿಂಡಕ್ಕೂ ಪೆಟ್ಟು. ಕ್ರಿಯಾಟಿನಿನ್ 1.6ಕ್ಕೆ ಅದರ ಕೊಡುಗೆ ಎಷ್ಟೋ. ಆಮ್ಲೋಡಿಪಿನ್ ಬೇರೆ ಥರ: ಅದು ಹೃದಯಕ್ಕೆ ತೊಂದರೆ ಕೊಡುವುದಿಲ್ಲ, ಆದರೆ ಪಾದದ ಹತ್ತಿರ ಊತ ತರುತ್ತದೆ. ಎಷ್ಟೋ ಸಲ ಆ ಊತಕ್ಕೆ ಮೂತ್ರ ಹೋಗಿಸುವ ಮಾತ್ರೆ ಬರೆದುಕೊಟ್ಟು, ಅದರಿಂದ ಸೋಡಿಯಂ ಇಳಿದು, ಅದಕ್ಕೊಂದು ಮದ್ದು. ಹೀಗೆ ಒಂದು ಮಾತ್ರೆಯ ಬಾಲ ಹಿಡಿದು ಇನ್ನೊಂದು ಬರುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಬಹುದು. ಮಂಡಿಗೆ ಪ್ಯಾರಸಿಟಮಾಲ್, ಬಿಸಿ ಕಾವು ಸಾಕು. ಪಯೋಗ್ಲಿಟಜೋನ್ ಇರುವ ಮಾತ್ರೆಯನ್ನು ನೀವಾಗಿಯೇ ದಿಢೀರ್ ನಿಲ್ಲಿಸಬೇಡಿ, ಅದರೊಳಗೆ ಇನ್ನೆರಡು ಮದ್ದು ಇವೆ, ಶುಗರ್ ಏರುತ್ತದೆ. ಈ ವಾರದೊಳಗೇ ವೈದ್ಯರ ಹತ್ತಿರ ಹೋಗಿ ಬದಲಾಯಿಸಿಕೊಳ್ಳಿ.

ಬದಲಾಯಿಸುವಾಗ ಅವರು ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಹೆಸರು ಹೇಳಬಹುದು. ಶುಗರ್ ಮಾತ್ರೆಗಳಾಗಿ ಬಂದು ಹೃದಯದ ಮಾತ್ರೆಗಳಾದವು ಇವು. ಪಂಪಿಂಗ್ ಚೆನ್ನಾಗಿರುವ ಹೃದಯ ವೈಫಲ್ಯದಲ್ಲೂ ಇವುಗಳಿಂದ ಆಸ್ಪತ್ರೆ ಸೇರುವುದು ಕಮ್ಮಿಯಾಗುತ್ತದೆ ಎಂದು 2021ರಲ್ಲಿ ಎಂಪಾಗ್ಲಿಫ್ಲೋಜಿನ್, 2022ರಲ್ಲಿ ಡಪಾಗ್ಲಿಫ್ಲೋಜಿನ್ ತೋರಿಸಿಕೊಟ್ಟವು. ನಿಮ್ಮ ತಂದೆಯವರ ಮಟ್ಟದ ಮೂತ್ರಪಿಂಡಕ್ಕೂ ಕೊಡಬಹುದು. ಶುರುಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಒಂದು ಚೂರು ಏರುವುದು ಮಾಮೂಲು, ಅದಕ್ಕೆ ಹೆದರಿ ನಿಲ್ಲಿಸಬೇಡಿ. ತೊಂದರೆಗಳೂ ಇವೆ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ಫಂಗಸ್ ತುರಿಕೆ ಬರಬಹುದು, ಸ್ವಚ್ಛವಾಗಿಟ್ಟುಕೊಳ್ಳಬೇಕು. ವಾಂತಿ, ಭೇದಿ ಆದ ದಿನ, ಏಕಾದಶಿ ಅಂತ ಪೂರ್ತಿ ಉಪವಾಸ ಕೂತ ದಿನ ಈ ಮಾತ್ರೆ ಬೇಡ. ಶುಗರ್ ಅಷ್ಟೇನೂ ಏರದೆಯೇ ರಕ್ತ ಹುಳಿಯಾಗುವ ಅಪಾಯವಿದೆ. ಯಾವುದಾದರೂ ಆಪರೇಷನ್ ಇದ್ದರೆ ಮೂರು ನಾಲ್ಕು ದಿನ ಮುಂಚೆಯೇ ನಿಲ್ಲಿಸಬೇಕು.

ಮೂತ್ರ ಹೋಗಿಸುವ ಮಾತ್ರೆ, ಅಂದರೆ ಫ್ಯೂರೋಸೆಮೈಡ್ ಅಥವಾ ಟಾರ್ಸೆಮೈಡ್, ಊತವನ್ನು ಬೇಗ ಇಳಿಸುತ್ತದೆ. ನಾಲ್ಕೇ ದಿನಕ್ಕೆ ದಿಂಬು ಒಂದಾಗುತ್ತದೆ. ಆದರೆ ಅದು ಆರಾಮ ಕೊಡುವ ಮದ್ದು, ಬಿರುಸಾದ ಸ್ನಾಯುವನ್ನು ಮೆತ್ತಗೆ ಮಾಡುವುದಿಲ್ಲ. ಜಾಸ್ತಿ ಆದರೆ ಸೋಡಿಯಂ, ಪೊಟ್ಯಾಸಿಯಂ ಇಳಿದು ತಲೆ ಸುತ್ತುತ್ತದೆ. ಸ್ಪೈರೊನೊಲ್ಯಾಕ್ಟೋನ್, ಫಿನೆರೆನೋನ್ ಎಂಬ ಇನ್ನೊಂದು ಗುಂಪು ಇದೆ. ಫಿನೆರೆನೋನ್ 2024ರಲ್ಲಿ ಈ ಬಗೆಯ ರೋಗಿಗಳಲ್ಲಿ ಉಪಯೋಗ ತೋರಿಸಿತು. ಇವು ಪೊಟ್ಯಾಸಿಯಂ ಇಳಿಸುವುದಲ್ಲ, ಏರಿಸುತ್ತವೆ. ಇಲ್ಲೇ ನಿಮ್ಮ ತೋಟದ ಮಾತು ಬರುತ್ತದೆ. ತಿಪಟೂರಿನಲ್ಲಿ ಎಳನೀರು ಬೇಡ ಅಂದರೆ ನನ್ನನ್ನು ಊರೊಳಗೆ ಬಿಡುವುದಿಲ್ಲ ಅಂತ ಗೊತ್ತು. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿಕೊಂಡಿರುತ್ತದೆ. ಕ್ರಿಯಾಟಿನಿನ್ 1.6 ಇರುವವರು ಈ ಮಾತ್ರೆಯ ಜೊತೆ ದಿನಕ್ಕೆರಡು ಎಳನೀರು ಕುಡಿದರೆ ಹೃದಯದ ಬಡಿತವೇ ದಾರಿ ತಪ್ಪಬಹುದು. 'ಕಮ್ಮಿ ಸೋಡಿಯಂ ಉಪ್ಪು' ಎಂದು ಮಾರುವ ಪ್ಯಾಕೆಟ್ಟಿನಲ್ಲಿ ಸೋಡಿಯಂ ಬದಲು ಸೇರಿಸುವುದೂ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡನ್ನೇ. ಯಾವ ಮಾತ್ರೆ ಶುರುವಾದರೂ ಒಂದೆರಡು ವಾರಕ್ಕೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಿ.

ಅತ್ತಿಗೆಯವರ ವಿಷಯ ಇದಕ್ಕಿಂತ ಸೂಕ್ಷ್ಮ. 110 ಬಂತು, ನಾರ್ಮಲ್, ಮನೆಗೆ ಹೋಗಿ ಅಂದರೆ ಮುಗಿಯಲಿಲ್ಲ. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದವರ ರಕ್ತದಲ್ಲಿ ಈ ಪೆಪ್ಟೈಡ್ ಕಮ್ಮಿಯೇ ಇರುತ್ತದೆ. ಅವರ ಹೃದಯ ಇದನ್ನು ಬಿಡುವುದೇ ಕಮ್ಮಿ, ಜೊತೆಗೆ ಕೊಬ್ಬಿನ ಕಣಗಳಲ್ಲಿ ಬಿಎನ್‌ಪಿಯನ್ನು ಹಿಡಿದು ನುಂಗುವ ಕೊಕ್ಕೆಗಳು ತುಂಬಾ ಇರುತ್ತವೆ. ಹಾಗಾಗಿ ತೂಕದವರಲ್ಲಿ ಗೆರೆಯನ್ನು ಅರ್ಧದಷ್ಟು ಇಳಿಸಿ ನೋಡುವ ರೂಢಿಯೂ ಇದೆ. ಆ ಲೆಕ್ಕದಲ್ಲಿ 110 ನಾರ್ಮಲ್ ಅಲ್ಲ. ಇದರಲ್ಲಿ ಇನ್ನೊಂದು ಅನ್ಯಾಯವಿದೆ: ಉಪ್ಪು ಹೊರಹಾಕುವ, ಕೊಬ್ಬು ಬಿಡಿಸುವ ಹಾರ್ಮೋನು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಮ್ಮಿ. ದಪ್ಪಗಿರುವವರಿಗೆ ಬಿ.ಪಿ. ಬೇಗ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು. ಅವರಿಗೆ ಒಂದು ಎಕೋ, ಹಿಮೋಗ್ಲೋಬಿನ್, ಥೈರಾಯ್ಡ್ ಮಾಡಿಸಿ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದಾರಾ ಎಂದೂ ಕೇಳಿ. ಕೆಲವು ಲ್ಯಾಬಿನ ವಿಧಾನದಲ್ಲಿ ಹೆಚ್ಚು ಡೋಸಿನ ಬಯೋಟಿನ್ ಈ ಟೆಸ್ಟನ್ನು ಸುಳ್ಳೇ ಕಮ್ಮಿ ತೋರಿಸುತ್ತದೆ.

ಇನ್ನು ಅಕ್ಕನ ಮಗನ ಇಂಜೆಕ್ಷನ್. ಹೃದಯ ತಾನೇ ಮಾಡಿಕೊಳ್ಳುವ ಪೆಪ್ಟೈಡನ್ನು ಹೊರಗಿನಿಂದ ಕೊಟ್ಟರೆ ಹೇಗೆ ಎಂಬ ಯೋಚನೆ ದೊಡ್ಡವರಿಗೂ ಬಂದಿತ್ತು. ನೆಸಿರಿಟೈಡ್ ಎಂಬ ಹೆಸರಲ್ಲಿ ಬಿಎನ್‌ಪಿಯನ್ನೇ ತಯಾರಿಸಿದರು, 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಹತ್ತು ವರ್ಷ ಬಿಟ್ಟು 7,141 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರೆ ಸಾವೂ ಕಮ್ಮಿಯಾಗಲಿಲ್ಲ, ಮತ್ತೆ ಆಸ್ಪತ್ರೆ ಸೇರುವುದೂ ಕಮ್ಮಿಯಾಗಲಿಲ್ಲ. ಬಿ.ಪಿ. ಮಾತ್ರ ಜಾಸ್ತಿ ಜನರಿಗೆ ಕುಸಿಯಿತು. ಆಮೇಲೆ ಬುದ್ಧಿವಂತರು ಬೇರೆ ದಾರಿ ಹಿಡಿದರು: ಬಿಎನ್‌ಪಿಯನ್ನು ಕತ್ತರಿಸುವ ಕಿಣ್ವವನ್ನೇ ತಡೆಯುವುದು. ಅದೇ ಸಕ್ಯುಬಿಟ್ರಿಲ್, ವಾಲ್ಸಾರ್ಟಾನ್ ಎಂಬ ಬಿ.ಪಿ. ಮದ್ದಿನ ಜೊತೆ ಸೇರಿಸಿ ಕೊಡುತ್ತಾರೆ. ಪಂಪಿಂಗ್ ಕುಸಿದವರಿಗೆ ಅದು ಜೀವ ಉಳಿಸುವ ಮಾತ್ರೆ. 55% ಇರುವ ನಿಮ್ಮ ತಂದೆಯವರಿಗೆ ಅದರ ಲಾಭ ಅಷ್ಟಕ್ಕಷ್ಟೆ. ಮುಂದೆ ಯಾರಾದರೂ ಬರೆದುಕೊಟ್ಟರೆ, ಆಗ ನೋಡಬೇಕಾದ್ದು ಎನ್‌ಟಿ-ಪ್ರೊಬಿಎನ್‌ಪಿ, ಬರೀ ಬಿಎನ್‌ಪಿ ಅಲ್ಲ. ಮಾತ್ರೆಯ ಕೆಲಸದಿಂದಲೇ ಬಿಎನ್‌ಪಿ ಏರಬಹುದು.

ಆದರೆ ಜಿಮ್ಮಿನಲ್ಲಿ ಓಡಾಡುವ ಸೀಸೆಗಳು ಇದ್ಯಾವುದೂ ಅಲ್ಲ. ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಕೆಣಕಿ ಬೆಳವಣಿಗೆಯ ಹಾರ್ಮೋನು ಸುರಿಸುವ ಪೆಪ್ಟೈಡುಗಳು ಅವು. ಸೀಸೆ ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ' ಎಂದು ಬರೆದೇ ಇರುತ್ತದೆ. ಬೆಳವಣಿಗೆಯ ಹಾರ್ಮೋನು ಜಾಸ್ತಿ ಆದರೆ ಮೈ ನೀರು ಹಿಡಿಯುತ್ತದೆ, ಇನ್ಸುಲಿನ್ ಕೆಲಸ ಮಾಡದೆ ಶುಗರ್ ಏರುತ್ತದೆ. ಊದಿದ ಕಾಲು, 14 ವರ್ಷದ ಶುಗರ್ ಇರುವ 68ರ ಮನುಷ್ಯನಿಗೆ ಇದಕ್ಕಿಂತ ಕೆಟ್ಟ ಆಯ್ಕೆ ನನಗೆ ಹೊಳೆಯುತ್ತಿಲ್ಲ. ಸೀಸೆಯೊಳಗೆ ನಿಜಕ್ಕೂ ಏನಿದೆ ಎಂಬುದು ಬೇರೆ ಪ್ರಶ್ನೆ. ಹುಡುಗನಿಗೆ ಬೈಯಬೇಡಿ, ತಾತನ ಮೇಲಿನ ಪ್ರೀತಿಯಿಂದ ಹೇಳಿದ್ದಾನೆ. ಅವನೂ ಚುಚ್ಚಿಕೊಳ್ಳುತ್ತಿದ್ದಾನಾ ಅಂತ ಮಾತ್ರ ನಿಧಾನವಾಗಿ ಕೇಳಿ ನೋಡಿ.

ಪೆಪ್ಟೈಡ್ ಇಂಜೆಕ್ಷನ್ನೇ ಬೇಕು ಅಂದರೆ ಪರೀಕ್ಷೆ ದಾಟಿ ಬಂದವುಗಳಲ್ಲಿ ಒಂದು, ಶುಗರ್ ಮತ್ತು ತೂಕ ಇಳಿಸುವ ಸೆಮಾಗ್ಲುಟೈಡ್. ಅದು ನಕಲು ಮಾಡುವ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚಾಗಿ ಕರುಳಿನದು, ಮೆದುಳಿನ ಕಾಂಡದಲ್ಲೂ ಸ್ವಲ್ಪ ತಯಾರಾಗುತ್ತದೆ. ದಪ್ಪಗಿದ್ದು ಪಂಪಿಂಗ್ ಚೆನ್ನಾಗಿರುವ ಹೃದಯ ವೈಫಲ್ಯದವರಲ್ಲಿ ತೂಕ ಇಳಿದು, ನಡೆಯುವ ದೂರ ಹೆಚ್ಚಿತು ಎಂದು 2023ರಲ್ಲಿ ಗೊತ್ತಾಯಿತು. ಇದು ನಿಮ್ಮ ತಂದೆಯವರಿಗಿಂತ ಅತ್ತಿಗೆಯವರಿಗೆ ಹೆಚ್ಚು ಒಗ್ಗಬಹುದು, ಅವರ ಎಕೋ ಆದ ಮೇಲೆ ಮಾತಾಡಬಹುದು. ಓಕರಿಕೆ ಬರುತ್ತದೆ, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ತಂದೆಯವರಿಗೆ ಕೊಡುವುದಾದರೆ ಮೊದಲು ಕಣ್ಣಿನ ಪರದೆ ನೋಡಿಸಬೇಕು, ಗ್ಲಿಮೆಪಿರೈಡ್ ಇಳಿಸಬೇಕು, ಇಲ್ಲವಾದರೆ ಶುಗರ್ ತೀರಾ ಕೆಳಗೆ ಬೀಳುತ್ತದೆ.

ಅಂದಹಾಗೆ, ನಿಜವಾದ ಮೆದುಳಿನ ಹಾರ್ಮೋನೊಂದು ಈ ಕತೆಯಲ್ಲಿ ಇದೆ. ವ್ಯಾಸೊಪ್ರೆಸಿನ್ ಅಂತ. ಮೆದುಳಿನ ತಳದಲ್ಲಿ ಹುಟ್ಟಿ ಮೂತ್ರಪಿಂಡಕ್ಕೆ 'ನೀರು ಬಿಡಬೇಡ' ಅನ್ನುತ್ತದೆ. ಹೃದಯ ಸೋತಾಗ ದೇಹ ಬಾಯಾರಿದೆ ಎಂದು ತಪ್ಪು ತಿಳಿದು ಮೆದುಳು ಅದನ್ನು ಜಾಸ್ತಿ ಸುರಿಸುತ್ತದೆ. ಆಗ ಸೋಡಿಯಂ ನೀರಿನಲ್ಲಿ ತೆಳುವಾಗುತ್ತದೆ. ಹಾಗಾಗಿ 'ಕಿಡ್ನಿಗೆ ಒಳ್ಳೆಯದು, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಿರಿ' ಎಂಬ ಸಲಹೆ ನಿಮ್ಮ ತಂದೆಯವರಿಗಲ್ಲ. ಬಾಯಾರಿದಷ್ಟು ಕುಡಿಯಲಿ. ಉಪ್ಪು ಇಡೀ ದಿನಕ್ಕೆ ಒಂದು ಚಹಾ ಚಮಚ ದಾಟದಿರಲಿ, ಮುದ್ದೆ ಜೊತೆಯ ಸಾರಿನ ಉಪ್ಪೂ ಅದರಲ್ಲೇ ಬಂತು. ಉಪ್ಪಿನಕಾಯಿ, ಹಪ್ಪಳ ಹಬ್ಬಕ್ಕೆ ಇಟ್ಟುಕೊಳ್ಳಲಿ.

ಪ್ರತಿ ತಿಂಗಳು ಈ ಟೆಸ್ಟು ಬೇಡ, ದುಡ್ಡು ದಂಡ. ಏನೂ ಬದಲಾಗದಿದ್ದರೂ 1,460 ಇದ್ದದ್ದು 1,250 ಆಗುತ್ತದೆ, 1,650ರೂ ಆಗುತ್ತದೆ. ಮದ್ದು ಬದಲಾಯಿಸಿ ಎರಡು ಮೂರು ತಿಂಗಳಾದ ಮೇಲೆ ಒಮ್ಮೆ ನೋಡಿ. ಮೂರನೇ ಒಂದು ಪಾಲು ಇಳಿದಿದ್ದರೆ ದಾರಿ ಸರಿಯಿದೆ. ಅದಕ್ಕಿಂತ ಒಳ್ಳೆಯ ಟೆಸ್ಟು ಮನೆಯಲ್ಲೇ ಇದೆ. ಬೆಳಿಗ್ಗೆ ಮೂತ್ರ ಹೋಗಿ ಬಂದು, ತಿಂಡಿಗೆ ಮುಂಚೆ, ಅದೇ ಪಂಚೆ ಬನಿಯನ್ನಿನಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಿಸಿ. ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆದಿಡಿ. ಸಂಜೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹತ್ತು ಎಣಿಸಿ, ತೆಗೆಯಿರಿ. ಗುಳಿ ನಿಂತರೆ ಅದನ್ನೂ ಬರೆಯಿರಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದ್ದಲ್ಲ, ನೀರಿನದು. ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಮಲಗಿದ್ದವರು ನಡುರಾತ್ರಿ ಉಸಿರುಕಟ್ಟಿ ಎದ್ದು ಕಿಟಕಿ ಹತ್ತಿರ ಹೋದರೆ, ಎದೆ ನೋವು ಬಂದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ವೈದ್ಯರ ಹತ್ತಿರ ಹೋಗುವಾಗ ರಿಪೋರ್ಟಿನ ಫೈಲಿನ ಜೊತೆ ಆ ಕ್ಯಾಲೆಂಡರನ್ನೂ, ಖಾಲಿಯಾದ ಮಾತ್ರೆ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.